ಸ್ಕೈಲೈನ್ ಆರ್33: ಸ್ಪೀಡ್ ಸೆನ್ಸರ್ ಹೊಸದು ಹಾಕಿಸಿದರೂ ಮುಳ್ಳು ಸೊನ್ನೆಗೆ ಬೀಳುತ್ತಿದೆ

ಸ್ಕೈಲೈನ್_ಸಂಕಟ (ರೆಡಿಂಗ್, ಇಂಗ್ಲೆಂಡ್)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ತಲೆ ಕೆಟ್ಟು ಹೋಗಿದೆ.

ಗಾಡಿ 1996ರ ನಿಸಾನ್ ಸ್ಕೈಲೈನ್, ಆರ್33 ಜಿಟಿಎಸ್-25ಟಿ, ಮ್ಯಾನುಯಲ್. ಜಪಾನಿನಲ್ಲಿ ಹತ್ತು ವರ್ಷ ಓಡಿ 2006ರಲ್ಲಿ ಇಂಗ್ಲೆಂಡಿಗೆ ಬಂದದ್ದು. ನನ್ನ ಕೈಗೆ ಸಿಕ್ಕಿ ಎರಡು ವರ್ಷ ಆಯ್ತು. ಜಿಟಿ-ಆರ್ ಅಲ್ಲ, ಅದಕ್ಕೆ ಕಾಸು ಎಲ್ಲಿಂದ ತರುವುದು. ಇದು ಅದರ ತಮ್ಮ, ಹಿಂದಿನ ಚಕ್ರಕ್ಕೆ ಮಾತ್ರ ಡ್ರೈವ್, 2.5 ಲೀಟರ್ ಟರ್ಬೋ. ಆದರೂ ಆರು ಸಿಲಿಂಡರ್ ಒಂದೇ ಸಾಲಿನಲ್ಲಿ ಹಾಡುವುದನ್ನು ಕೇಳಿದರೆ ತಿಂಗಳ ಸಂಬಳ ಹೋದದ್ದೂ ಮರೆತು ಹೋಗುತ್ತದೆ.

ಈಗ ಕಷ್ಟಕ್ಕೆ ಬರುತ್ತೇನೆ. ಮನೆಯಿಂದ ಹೊರಟು ಇಪ್ಪತ್ತು ನಿಮಿಷ ಏನೂ ತೊಂದರೆ ಇಲ್ಲ. ಆಮೇಲೆ ಸ್ಪೀಡೋಮೀಟರ್ ಮುಳ್ಳು ಸಣ್ಣಗೆ ನಡುಗಲು ಶುರು, ಒಂದೆರಡು ನಿಮಿಷಕ್ಕೆ ಪಟ್ ಅಂತ ಸೊನ್ನೆ. ಗಾಡಿ 60 ಮೈಲಿ ಸ್ಪೀಡಿನಲ್ಲಿ ಹೋಗುತ್ತಿದೆ, ಮುಳ್ಳು ಮಾತ್ರ ಮಲಗಿದೆ. ಹಿಂದೆಯೇ ಹೈಕಾಸ್ ದೀಪ ಹತ್ತುತ್ತದೆ, ಸ್ಟೀರಿಂಗ್ ಭಾರ ಆಗುತ್ತದೆ. ಸಿಗ್ನಲ್ ಹತ್ತಿರ ಕ್ಲಚ್ ಒತ್ತಿ ನಿಧಾನ ಮಾಡಿದರೆ ಕೆಲವು ಸಲ ಇಂಜಿನ್ನೇ ಆಫ್. ಹಿಂದಿನವರು ಹಾರ್ನ್ ಹೊಡೆಯುವುದು ಕಡಿಮೆ ಈ ದೇಶದಲ್ಲಿ, ಆದರೆ ನೋಡುವ ನೋಟ ಇದೆಯಲ್ಲ, ಅದಕ್ಕಿಂತ ಹಾರ್ನೇ ವಾಸಿ.

ಗ್ಯಾರೇಜಿಗೆ ಕೊಟ್ಟೆ. ಇಸಿಯು, ಅಂದರೆ ಇಂಜಿನ್ ನೋಡಿಕೊಳ್ಳುವ ಕಂಪ್ಯೂಟರ್, ಅದರ ತಪ್ಪಿನ ಕೋಡ್ ಓದಿದರು, 14 ಬಂತು. 14 ಅಂದರೆ ವೆಹಿಕಲ್ ಸ್ಪೀಡ್ ಸೆನ್ಸರ್. ಗೇರ್‌ಬಾಕ್ಸಿನ ಸೆನ್ಸರ್ ಬದಲಾಯಿಸಿದರು, ಬಿಲ್ ಕೊಟ್ಟರು. ಮೂರು ದಿನ ಚೆನ್ನಾಗಿತ್ತು. ನಾಲ್ಕನೇ ದಿನ ಮೋಟರ್‌ವೇ ಮೇಲೆ ಅದೇ ಹಾಡು. ಮತ್ತೆ ಹೋದರೆ "ಹೊಸ ಸೆನ್ಸರೂ ಡಿಫೆಕ್ಟ್ ಇರಬಹುದು, ಇನ್ನೊಂದು ತರಿಸೋಣ" ಅಂತಾರೆ. ತರಿಸಲಾ? ಅಥವಾ ಬೇರೆ ಏನಾದರೂ ನೋಡಬೇಕಾ?

ಹುಬ್ಳಿ_ಗೇರ್

ಎಬಿಎಸ್ ದೀಪ ಹತ್ತಿದೆಯೇನ್ರೀ? ಅದನ್ನು ಮೊದಲು ಹೇಳ್ರಿ. ಬಹಳ ಮಂದಿ ಇಲ್ಲೇ ಗೊಂದಲ ಮಾಡಿಕೊಳ್ಳುತ್ತಾರೆ. ಚಕ್ರದ ಹತ್ತಿರ ಇರುವ ಸೆನ್ಸರ್ ಎಬಿಎಸ್‌ದು, ಅಂದರೆ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯುವುದರದು. ಗೇರ್‌ಬಾಕ್ಸ್ ಪಕ್ಕದಲ್ಲಿ ಇರುವುದು ಸ್ಪೀಡೋಮೀಟರ್‌ದು. ನಿಮ್ಮ ಕಾಲದ ನಿಸಾನ್‌ನಲ್ಲಿ ಇವೆರಡೂ ಬೇರೆ ಬೇರೆ ಸಂಸಾರ. ಈಗಿನ ಗಾಡಿಗಳಲ್ಲಿ ಚಕ್ರದ ಸೆನ್ಸರಿನಿಂದಲೇ ಎಲ್ಲ ಲೆಕ್ಕ ಹಾಕುವುದು ಜಾಸ್ತಿ, ಹಾಗಾಗಿ ಈಗಿನ ಗ್ಯಾರೇಜಿನ ಹುಡುಗರಿಗೆ ಇದು ಗೊತ್ತಿರುವುದಿಲ್ಲ.

ಸ್ಕೈಲೈನ್_ಸಂಕಟ

ಇಲ್ಲ ಸರ್, ಎಬಿಎಸ್ ದೀಪ ಒಂದು ಸಲವೂ ಹತ್ತಿಲ್ಲ. ಹೈಕಾಸ್ ಮಾತ್ರ.

ಸುಮ್ನೆ_ಓದುವವ

ಹೈಕಾಸ್ ಅಂದ್ರೆ ಏನು ಗುರು? ನಾವು ಆಲ್ಟೋ ಮಂದಿ.

ಹುಬ್ಳಿ_ಗೇರ್

ಹಿಂದಿನ ಚಕ್ರಗಳೂ ಒಂಚೂರು ತಿರುಗುತ್ತವೆ, ಅದೇ ಹೈಕಾಸ್. ಆರ್32ನಲ್ಲಿ ಹೈಡ್ರಾಲಿಕ್ ಇತ್ತು, ಆರ್33ಗೆ ಬರುವಾಗ ಎಲೆಕ್ಟ್ರಿಕ್ ಮೋಟರ್ ಮಾಡಿದರು. ಎಷ್ಟು ತಿರುಗಿಸಬೇಕು ಅನ್ನುವುದಕ್ಕೆ ಗಾಡಿಯ ಸ್ಪೀಡ್ ಗೊತ್ತಿರಬೇಕು. ಮುಂದಿನ ಸ್ಟೀರಿಂಗ್ ಹಗುರ ಮಾಡುವುದು, ಗಟ್ಟಿ ಮಾಡುವುದೂ ಅದೇ ಡಬ್ಬಿಯ ಕೆಲಸ. ಸ್ಪೀಡ್ ಸಿಗ್ನಲ್ ಕೈಕೊಟ್ಟರೆ ಅದು ದೀಪ ಹತ್ತಿಸಿ ಕೈ ಕಟ್ಟಿ ಕೂರುತ್ತದೆ. ಅದಕ್ಕೇ ಇವರಿಗೆ ಸ್ಟೀರಿಂಗ್ ಭಾರ ಆಗಿದ್ದು.

ಜೇಸಿರೋಡ್_ವೈರಿಂಗ್ (ಬೆಂಗಳೂರು)

ಇನ್ನೊಂದು ಸೆನ್ಸರ್ ತರಿಸಬೇಡಿ. ಕೈ ಮುಗಿದು ಹೇಳುತ್ತೇನೆ.

ನಾನು ಸ್ಕೈಲೈನ್ ಮುಟ್ಟಿಲ್ಲ, ಆದರೆ ಇಪ್ಪತ್ತೆರಡು ವರ್ಷ ವೈರಿಂಗ್ ಕೆಲಸ ಮಾಡಿದ್ದೇನೆ, ಹಳೇ ನಿಸಾನ್ ಡಯಾಗ್ರಾಂ ನೋಡಿದ್ದೇನೆ. ಕೋಡ್ 14 ಹೇಳುವುದು ಇಷ್ಟೇ: ಇಸಿಯುಗೆ ಸ್ಪೀಡ್ ಸಿಗ್ನಲ್ ಬಂದಿಲ್ಲ. ಯಾಕೆ ಬಂದಿಲ್ಲ ಅಂತ ಅದಕ್ಕೇನು ಗೊತ್ತು? ಪೋಸ್ಟ್ ಬರಲಿಲ್ಲ ಅಂದ ಮಾತ್ರಕ್ಕೆ ಬರೆದವನು ಸತ್ತ ಅಂತ ಅಲ್ಲವಲ್ಲ.

ಈಗ ದಾರಿ ನೋಡಿ. ಗೇರ್‌ಬಾಕ್ಸಿನ ಒಳಗೆ ಔಟ್‌ಪುಟ್ ಶಾಫ್ಟ್ ಒಂದು ಸಣ್ಣ ಪಿನಿಯನ್ (ಹಲ್ಲಿನ ಚಕ್ರ) ತಿರುಗಿಸುತ್ತದೆ, ಅದು ಸೆನ್ಸರ್ ತಿರುಗಿಸುತ್ತದೆ. ಸೆನ್ಸರ್ ಎರಡು ವೈರಿನದು, ಒಳಗೆ ಕಾಯಿಲ್ ಮತ್ತು ಮ್ಯಾಗ್ನೆಟ್. ಅದಕ್ಕೆ ಕರೆಂಟ್ ಕೊಡಬೇಕಿಲ್ಲ, ತಿರುಗಿದರೆ ತಾನೇ ಎಸಿ ವೋಲ್ಟೇಜ್ ಹುಟ್ಟಿಸುತ್ತದೆ, ಸೈಕಲ್ ಡೈನಮೋ ಇದ್ದ ಹಾಗೆ. ಆ ವೋಲ್ಟೇಜ್ ನೇರ ಇಸಿಯುಗೆ ಹೋಗುವುದಿಲ್ಲ. ಮೊದಲು ಮೀಟರ್ ಬೋರ್ಡಿಗೆ ಹೋಗುತ್ತದೆ. ಅಲ್ಲಿ ಅದನ್ನು ಚೌಕಾಕಾರದ ಪಲ್ಸ್ ಮಾಡಿ ಆಮೇಲೆ ಇಸಿಯುಗೆ, ಹೈಕಾಸ್‌ಗೆ ಹಂಚುತ್ತಾರೆ. ಅಂದರೆ ನಿಮ್ಮ ಮುಳ್ಳು, ಇಂಜಿನ್, ಸ್ಟೀರಿಂಗ್ ಮೂರೂ ಒಟ್ಟಿಗೆ ಕೆಟ್ಟಿವೆ ಅಂದರೆ, ತಪ್ಪು ಮೂರು ದಾರಿ ಕವಲೊಡೆಯುವ ಜಾಗದಲ್ಲಿ ಇದೆ ಅಥವಾ ಅದಕ್ಕಿಂತ ಮೊದಲೇ ಇದೆ. ಸೆನ್ಸರ್, ವೈರ್, ಪ್ಲಗ್, ಮೀಟರ್ ಬೋರ್ಡ್, ಇಷ್ಟರಲ್ಲಿ ಒಂದು.

ಹಳೇ ಸೆನ್ಸರ್ ಇಟ್ಟುಕೊಂಡಿದ್ದೀರಾ? ಇದ್ದರೆ ಮಲ್ಟಿಮೀಟರ್ ಓಂಸ್‌ಗೆ ಇಟ್ಟು ಎರಡನ್ನೂ ಅಳೆಯಿರಿ. ಆಮೇಲೆ ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಪಿನಿಯನ್ನನ್ನು ಬೆರಳಲ್ಲಿ ಜೋರಾಗಿ ತಿರುಗಿಸಿ. ಅರ್ಧ ವೋಲ್ಟ್ ಹತ್ತಿರ ಬರಬೇಕು.

ಸ್ಕೈಲೈನ್_ಸಂಕಟ

ಇಟ್ಟುಕೊಂಡಿದ್ದೇನೆ, ನಮ್ಮಮ್ಮ ಕಲಿಸಿದ ಬುದ್ಧಿ, ಹಳೇದು ಬಿಸಾಡಬೇಡ ಅಂತ. ಈಗಷ್ಟೇ ಅಳೆದೆ. ಹಳೇದು 246 ಓಂ. ಹೊಸದನ್ನು ಗಾಡಿ ಕೆಳಗೆ ಮಲಗಿ ಪ್ಲಗ್ ಬಿಚ್ಚಿ ಅಳೆದೆ, 251. ಹಳೇದರ ಪಿನಿಯನ್ ತಿರುಗಿಸಿದರೆ 0.4, 0.5 ವೋಲ್ಟ್ ಬರುತ್ತಿದೆ. ಪಿನಿಯನ್ ಹಲ್ಲು ಒಂದೂ ಸವೆದಿಲ್ಲ.

ಅಂದರೆ ಹಳೇ ಸೆನ್ಸರ್ ಚೆನ್ನಾಗಿಯೇ ಇತ್ತಾ??

ಜೇಸಿರೋಡ್_ವೈರಿಂಗ್

ಚೆನ್ನಾಗಿಯೇ ಇತ್ತು. ಬಿಸಿ ಆದಾಗ ಮಾತ್ರ ಕಾಯಿಲ್ ಬಿಟ್ಟುಕೊಳ್ಳುವುದೂ ಉಂಟು, ಅದನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ಎರಡು ಸೆನ್ಸರಿಗೂ ಅದೇ ರೋಗ ಅಂದರೆ ನಂಬುವುದು ಕಷ್ಟ.

ಮೆಲ್ಬರ್ನ್_ಮಂಡ್ಯ (ಆಸ್ಟ್ರೇಲಿಯಾ)

ಗುರು, ನನ್ನ ಹತ್ತಿರವೂ ಆರ್33 ಇತ್ತು, ಮದುವೆಗೆ ಮುಂಚೆ. ನನಗೂ ಮುಳ್ಳು ಕುಣಿಯುತ್ತಿತ್ತು. ಮೀಟರ್ ಬೋರ್ಡ್ ಬಿಚ್ಚಿ ಹಿಂದೆ ನೋಡಿ. ಸ್ಪೀಡೋಮೀಟರನ್ನು ಹಿಡಿದಿರುವ ಸಣ್ಣ ಸ್ಕ್ರೂ ಇವೆ. ಅವು ಬರೀ ಹಿಡಿದುಕೊಳ್ಳಲು ಅಲ್ಲ, ಸಿಗ್ನಲ್ಲೂ ಅವುಗಳ ಮೂಲಕವೇ ಹೋಗುತ್ತದೆ. ಇಪ್ಪತ್ತೈದು ವರ್ಷದ ನಡುಕಕ್ಕೆ ಸಡಿಲ ಆಗಿರುತ್ತವೆ. ಒಂದೊಂದೇ ಬಿಚ್ಚಿ, ಕೆಳಗಿನ ತಾಮ್ರ ಒರೆಸಿ, ಮತ್ತೆ ಬಿಗಿ ಮಾಡಿ. ಜಾಸ್ತಿ ಬಲ ಹಾಕಬೇಡಿ, ಪ್ಲಾಸ್ಟಿಕ್ ಹಳೇದು, ಚಟ್ ಅನ್ನುತ್ತದೆ. ನನ್ನದು ಅಷ್ಟಕ್ಕೇ ಸರಿ ಹೋಯಿತು, ಖರ್ಚು ಸೊನ್ನೆ. ಕೆಲವರಿಗೆ ಬೋರ್ಡಿನ ಬೆಸುಗೆಯೂ ಬಿರುಕು ಬಿಟ್ಟಿರುತ್ತದೆ.

ಸುಮ್ನೆ_ಓದುವವ

ಇಷ್ಟೆಲ್ಲ ಯಾಕೆ? ಜಿಪಿಎಸ್ ಸ್ಪೀಡೋಮೀಟರ್ ಸಿಗುತ್ತಲ್ಲ ಆನ್‌ಲೈನಲ್ಲಿ, ಡ್ಯಾಶ್ ಮೇಲೆ ಅಂಟಿಸಿದರೆ ಆಯ್ತಲ್ವಾ?

ಹುಬ್ಳಿ_ಗೇರ್

ಅದು ನಿಮಗೆ ಸ್ಪೀಡ್ ತೋರಿಸುತ್ತದೆ ತಮ್ಮಾ, ಇಸಿಯುಗೆ ಯಾರು ಹೇಳುವವರು? ಗಾಡಿ ನಿಲ್ಲುತ್ತಿದೆ ಅಂತ ಗೊತ್ತಾಗದೆ ಐಡಲ್ (ಗಾಡಿ ನಿಂತಾಗ ಇಂಜಿನ್ನಿನ ನಿಧಾನ ಓಟ) ಹಿಡಿಯಲು ತಡ ಮಾಡುತ್ತದೆ, ಅದಕ್ಕೇ ಇವರ ಇಂಜಿನ್ ಸಿಗ್ನಲ್ಲಿನಲ್ಲಿ ಆಫ್ ಆಗುವುದು. ಸ್ಟೀರಿಂಗೂ ಹಾಗೇ ಭಾರ ಇರುತ್ತದೆ. ಜ್ವರ ಬಂದವನಿಗೆ ಥರ್ಮಾಮೀಟರ್ ಬದಲಾಯಿಸಿದ ಹಾಗೆ ಆಯಿತು.

ಕಡಲ_ಕಾರು (ಮಂಗಳೂರು)

ಮಾರಾಯ್ರೆ, ನಾನು ಇಲ್ಲಿ ಸುಮ್ಮನೆ ಓದುತ್ತಾ ಕೂತಿದ್ದೆ. ಒಂದು ಸಣ್ಣ ಡೌಟು. ಗಾಡಿ ಜಪಾನಿನದ್ದು ಅಂತೀರಿ. ಜಪಾನಿನ ಮೀಟರ್ ಕಿಲೋಮೀಟರ್‌ನಲ್ಲಿ ಇರಬೇಕಲ್ಲ. ನೀವು "60 ಮೈಲಿ ಸ್ಪೀಡು" ಅಂತ ಬರೆದಿದ್ದೀರಿ. ಮೈಲಿ ಎಲ್ಲಿಂದ ಬಂತು?

ನಮ್ಮಲ್ಲಿ ಹಳೇ ಗಾಡಿ ಹೊರದೇಶದಿಂದ ತರಬೇಕಾದರೆ ಮೂರು ವರ್ಷಕ್ಕಿಂತ ಹಳೇದು ಆಗಬಾರದು, ಸ್ಟೀರಿಂಗ್ ಬಲಗಡೆ ಇರಬೇಕು, ಮೀಟರ್ ಕಿಲೋಮೀಟರ್ ತೋರಿಸಬೇಕು ಅಂತ ರೂಲ್ ಉಂಟು. ಹಾಗಾಗಿ ನಿಮ್ಮಂಥ ಸ್ಕೈಲೈನ್ ನಮಗೆ ಯೂಟ್ಯೂಬಿನಲ್ಲಿ ಮಾತ್ರ. ಆದರೆ ಆ ರೂಲ್ ನೆನಪಾಗಿ ಈ ಡೌಟು ಬಂತು. ಮೀಟರ್ ಯಾರೋ ಬದಲಾಯಿಸಿದ್ದಾರಾ, ಅಥವಾ ಏನಾದರೂ ಸಿಕ್ಕಿಸಿದ್ದಾರಾ?

ಜೇಸಿರೋಡ್_ವೈರಿಂಗ್

ಅಯ್ಯೋ ಶಿವನೇ. ಇದನ್ನು ನಾನೇ ಮೊದಲು ಕೇಳಬೇಕಿತ್ತು. ಮಂಗಳೂರಿನವರಿಗೆ ಒಂದು ಪ್ಲೇಟ್ ಗೋಳಿಬಜೆ ನನ್ನ ಲೆಕ್ಕದಲ್ಲಿ.

ಬ್ರಿಟನ್‌ಗೆ ಬಂದ ಜಪಾನಿ ಗಾಡಿಗೆ ಕನ್ವರ್ಟರ್ ಚಿಪ್ ಹಾಕುತ್ತಾರೆ. ಬೆಂಕಿಪೊಟ್ಟಣದಷ್ಟು ಡಬ್ಬಿ. ಸೆನ್ಸರಿನಿಂದ ಬರುವ ವೈರ್ ಕತ್ತರಿಸಿ, ನಡುವೆ ಇದನ್ನು ಕೂರಿಸುತ್ತಾರೆ. ನೂರು ಪಲ್ಸ್ ಬಂದರೆ ಅರವತ್ತೆರಡು ಮಾತ್ರ ಮುಂದೆ ಬಿಡುತ್ತದೆ. ಮುಳ್ಳು ಅದೇ, ಅಂಕಿ ಅದೇ, ಆದರೆ ಈಗ ಅದು ಮೈಲಿ. ಸೆನ್ಸರಿಗೆ ಕರೆಂಟ್ ಬೇಡ ಅಂದೆನಲ್ಲ, ಈ ಡಬ್ಬಿಗೆ ಬೇಕು. ಹನ್ನೆರಡು ವೋಲ್ಟೂ ಬೇಕು, ಅರ್ತ್ ಕೂಡ ಬೇಕು. ಎರಡರಲ್ಲಿ ಯಾವುದು ಬಿಟ್ಟರೂ ಮುಂದೆ ಏನೂ ಹೋಗುವುದಿಲ್ಲ.

ಈಗ ಒಂದು ಕೆಲಸ ಮಾಡಿ. ಸುಮ್ನೆ ಊಹೆ ಬೇಡ. ಗೇರ್‌ಬಾಕ್ಸಿನ ಪ್ಲಗ್ ಹತ್ತಿರ ಸೆನ್ಸರಿನ ಎರಡೂ ವೈರಿಗೆ ಉದ್ದ ವೈರ್ ಸೇರಿಸಿ, ಒಳಗೆ ತಂದು ಮಲ್ಟಿಮೀಟರಿಗೆ ಕೊಡಿ. ಎಸಿ ವೋಲ್ಟ್. ಯಾರಾದರೂ ಪಕ್ಕದಲ್ಲಿ ಕೂತು ಓದಲಿ, ನೀವು ರಸ್ತೆ ನೋಡಿ. ಮುಳ್ಳು ಬಿದ್ದ ಕ್ಷಣ ವೋಲ್ಟ್ ಏನಾಯಿತು ಅನ್ನುವುದೇ ಪ್ರಶ್ನೆ.

ಸ್ಕೈಲೈನ್_ಸಂಕಟ

ಭಾನುವಾರದ ವರದಿ.

ವೈರನ್ನು ಗೇರ್ ಲಿವರಿನ ರಬ್ಬರ್ ಪಕ್ಕದಿಂದ ಮೇಲೆ ತಂದೆ. ಮಲ್ಟಿಮೀಟರ್ ಹೆಂಡತಿ ಕೈಗೆ. ಅವಳಿಗೆ ಈ ಗಾಡಿ ಕಂಡರೆ ಆಗುವುದಿಲ್ಲ, ಆದರೆ "ಕಂಡುಹಿಡಿದರೆ ಗ್ಯಾರೇಜಿಗೆ ದುಡ್ಡು ಸುರಿಯುವುದು ನಿಲ್ಲುತ್ತದೆ" ಅಂದದ್ದಕ್ಕೆ ಬಂದಳು. ಚಳಿ ಇತ್ತು, ಹೀಟರ್ ಜೋರಾಗಿ ಹಾಕಿಸಿದಳು. (ಇದು ನೆನಪಿರಲಿ.)

30 ಮೈಲಿ ಸ್ಪೀಡಿನಲ್ಲಿ ಎರಡೂವರೆ ವೋಲ್ಟ್. ಸ್ಪೀಡ್ ಏರಿದ ಹಾಗೆ ಅದೂ ಏರುತ್ತಿತ್ತು. ಅವಳು ಕ್ರಿಕೆಟ್ ಸ್ಕೋರ್ ಹೇಳಿದ ಹಾಗೆ ಹೇಳುತ್ತಿದ್ದಳು, ಮೂರು ಪಾಯಿಂಟ್ ಒಂದು, ಮೂರು ಪಾಯಿಂಟ್ ನಾಲ್ಕು. ಹದಿನೇಳು ನಿಮಿಷಕ್ಕೆ ಮುಳ್ಳು ನಡುಗಿತು. "ಈಗ?" ಅಂದೆ. "ಮೂರು ಪಾಯಿಂಟ್ ನಾಲ್ಕು." ಮುಳ್ಳು ಬಿತ್ತು, ಹೈಕಾಸ್ ಹತ್ತಿತು. "ಈಗ??" "ಕಿರುಚಬೇಡಿ, ಮೂರು ಪಾಯಿಂಟ್ ನಾಲ್ಕೇ ಇದೆ."

ಸೆನ್ಸರ್ ಪಾಪ ನಿಯತ್ತಾಗಿ ಕೆಲಸ ಮಾಡುತ್ತಲೇ ಇತ್ತು! ನಾನು ಅದಕ್ಕೆ ಎಷ್ಟು ಬೈದಿದ್ದೆ.

ಪಾರ್ಕಿಂಗಿನಲ್ಲಿ ನಿಲ್ಲಿಸಿ, ಸ್ಟೀರಿಂಗ್ ಕೆಳಗಿನ ಪ್ಯಾನೆಲ್ ಬಿಚ್ಚಿ, ಫೋನ್ ಟಾರ್ಚ್ ಹಾಕಿ ತಲೆ ತೂರಿಸಿದೆ. ಇದೆ. ಕಪ್ಪು ಡಬ್ಬಿ, ಇನ್ಸುಲೇಷನ್ ಟೇಪ್ ಸುತ್ತಿ ಹೀಟರ್ ಡಕ್ಟಿಗೆ ಟೈ ಹಾಕಿ ಕಟ್ಟಿದ್ದಾರೆ. ಟೇಪಿನ ಅಂಟು ಕರಗಿ ಬೆಲ್ಲದ ಪಾಕದ ಹಾಗೆ ಆಗಿದೆ. ನಾಲ್ಕು ವೈರಿಗೆ ಆ ನೀಲಿ ಕ್ಲಿಪ್ ಕನೆಕ್ಟರ್, ವೈರಿನ ಮೇಲೆ ಒತ್ತಿ ಲಾಕ್ ಮಾಡುತ್ತಾರಲ್ಲ, ಅವು. ಅರ್ತ್ ವೈರ್ ಮಾತ್ರ ಒಂದು ಬ್ರಾಕೆಟಿನ ಸ್ಕ್ರೂ ಕೆಳಗೆ ಸಿಕ್ಕಿಸಿದ್ದಾರೆ, ಬಣ್ಣ ಬಳಿದ ಬ್ರಾಕೆಟ್! ಬಣ್ಣ ಕೆರೆದೂ ಇಲ್ಲ. ಬೆರಳಲ್ಲಿ ಮುಟ್ಟಿದರೆ ವೈರ್ ತಿರುಗುತ್ತದೆ.

ಜೇಸಿರೋಡ್_ವೈರಿಂಗ್

ಹೀಟರ್ ಬಿಸಿಗೆ ಬ್ರಾಕೆಟ್ ಹಿಗ್ಗುತ್ತದೆ, ಸಡಿಲ ಸ್ಕ್ರೂ ಇನ್ನೂ ಸಡಿಲ. ಗ್ಯಾರೇಜಿನಿಂದ ಬಂದ ಮೇಲೆ ಮೂರು ದಿನ ಸರಿ ಇತ್ತು ಅಂದಿರಲ್ಲ, ಆ ಮೂರು ದಿನ ಹೀಟರ್ ಹಾಕಿದ್ದಿರಾ?

ಸ್ಕೈಲೈನ್_ಸಂಕಟ

ಇಲ್ಲ!! ಆ ವಾರ ಬಿಸಿಲಿತ್ತು. ಇಂಗ್ಲೆಂಡಿನಲ್ಲಿ ಬಿಸಿಲು ಬಂದದ್ದೇ ನನಗೆ ಮೋಸ ಮಾಡಿತು.

ಜೇಸಿರೋಡ್_ವೈರಿಂಗ್

ಇನ್ನೂ ಕುಣಿಯಬೇಡಿ. ಅನುಮಾನ ಬಂದಿದೆ, ಸಾಬೀತಾಗಿಲ್ಲ. ಡಬ್ಬಿಯನ್ನು ಪೂರ್ತಿ ಬಿಟ್ಟು, ಸೆನ್ಸರ್ ವೈರನ್ನು ಮೀಟರಿಗೆ ನೇರ ಸೇರಿಸಿ ಎರಡು ದಿನ ಓಡಿಸಿ. ಹೀಟರ್ ಜೋರಾಗಿಯೇ ಇರಲಿ. ಮುಳ್ಳು ಬೀಳದಿದ್ದರೆ ಡಬ್ಬಿ ಅಥವಾ ಅದರ ವೈರಿಂಗ್. ಬಿದ್ದರೆ ಮೆಲ್ಬರ್ನ್ ಅಣ್ಣ ಹೇಳಿದ ಸ್ಕ್ರೂ ಕಡೆ ಹೋಗೋಣ. ಒಂದು ಎಚ್ಚರ, ಆಗ ಮುಳ್ಳು ಕಿಲೋಮೀಟರ್ ತೋರಿಸುತ್ತದೆ. ನಿಮ್ಮ 70 ಮೈಲಿ ಲಿಮಿಟ್ ಅಂದರೆ 112 ಕಿಲೋಮೀಟರ್. ಫೋನಿನ ಜಿಪಿಎಸ್ ನೋಡಿಕೊಂಡು ಓಡಿಸಿ.

ಮೆಲ್ಬರ್ನ್_ಮಂಡ್ಯ

ಇನ್ನೊಂದು ವಿಷಯ ಇದೆ, ಮರೆಯಬೇಡಿ. ಜಪಾನಿನ ಗಾಡಿಗೆ 180 ಕಿಲೋಮೀಟರಿಗೆ ಲಿಮಿಟರ್ ಇರುತ್ತದೆ, ಇಸಿಯು ಆ ಸ್ಪೀಡ್ ಸಿಗ್ನಲ್ ನೋಡಿಯೇ ಕತ್ತರಿಸುವುದು. ನಿಮ್ಮ ಡಬ್ಬಿ ಮೀಟರಿಗಿಂತ ಮೊದಲೇ ಕೂತಿರುವುದರಿಂದ ಇಸಿಯುಗೂ ಕಡಿಮೆ ಲೆಕ್ಕವೇ ಹೋಗುತ್ತಿತ್ತು. ಗಾಡಿ 100 ಕಿಲೋಮೀಟರಿನಲ್ಲಿ ಹೋದರೆ ಇಸಿಯು ಅದು 62 ಅಂದುಕೊಳ್ಳುತ್ತದೆ. ಹಾಗಾಗಿ ಇಷ್ಟು ವರ್ಷ ಲಿಮಿಟರ್ ಇದ್ದೂ ಇಲ್ಲದ ಹಾಗೆ. ಡಬ್ಬಿ ಬಿಟ್ಟರೆ ಅದು ವಾಪಸ್ ಬರುತ್ತದೆ. ಹೈಕಾಸ್‌ಗೂ ಈಗ ನಿಜವಾದ ಸ್ಪೀಡ್ ಸಿಗುತ್ತದೆ, ಸ್ಟೀರಿಂಗ್ ಜೋರಿನಲ್ಲಿ ಸ್ವಲ್ಪ ಬೇರೆ ಅನ್ನಿಸಬಹುದು.

ಸುಮ್ನೆ_ಓದುವವ

180 ಕಿಲೋಮೀಟರ್ ಓಡಿಸಿ ನೋಡಿ, ಹೇಳಿ 😀

ಸ್ಕೈಲೈನ್_ಸಂಕಟ

180 ಅಂದರೆ 112 ಮೈಲಿ. ಇಲ್ಲಿ ಅಷ್ಟು ಓಡಿಸಿದರೆ ಲೈಸೆನ್ಸ್ ಹೋಗುತ್ತದೆ ತಮ್ಮ, ಆಮೇಲೆ ಹೆಂಡತಿಯೂ. ಬೇಡ.

ಮೂರು ದಿನ ಆಯ್ತು. ಡಬ್ಬಿ ಇಲ್ಲದೆ ನೇರ ವೈರ್. ಹೀಟರ್ ಇಡ್ಲಿ ಪಾತ್ರೆ ಹಾಗೆ. ಒಟ್ಟು ಐದು ಗಂಟೆ ಓಡಿಸಿದ್ದೇನೆ, ಮುಳ್ಳು ಒಂದು ಸಲವೂ ನಡುಗಿಲ್ಲ. ಸಿಗ್ನಲ್ಲಿನಲ್ಲಿ ಇಂಜಿನ್ ಆಫ್ ಆಗಿಲ್ಲ. ಇಸಿಯು ಕೋಡ್ ಅಳಿಸಿ ಮತ್ತೆ ಓದಿದೆ. ಎಡಗಡೆ ಪ್ಯಾನೆಲ್ ಹಿಂದೆ ಇಸಿಯು ಇದೆ, ಪಕ್ಕದಲ್ಲಿ ಸಣ್ಣ ಸ್ಕ್ರೂ ತಿರುಗಿಸಿದರೆ ಕೆಂಪು ದೀಪ ಮಿಣುಕುತ್ತದೆ, ಉದ್ದ ಮಿಣುಕು ಹತ್ತರದ್ದು, ಗಿಡ್ಡ ಮಿಣುಕು ಒಂದರದ್ದು. ಮೊದಲು ಒಂದು ಉದ್ದ, ನಾಲ್ಕು ಗಿಡ್ಡ ಬರುತ್ತಿತ್ತು. ಈಗ ಐದು ಉದ್ದ, ಐದು ಗಿಡ್ಡ. 55. ಏನೂ ತಪ್ಪಿಲ್ಲ. ಕತ್ತಲೆಯಲ್ಲಿ ಕೂತು ಅದನ್ನು ಎಣಿಸುವಾಗ ಸಿಕ್ಕ ಖುಷಿ ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನವೂ ಸಿಕ್ಕಿರಲಿಲ್ಲ.

ನಿನ್ನೆ ಡಬ್ಬಿ ವಾಪಸ್ ಹಾಕಿದೆ, ಇಲ್ಲಿ ಮೈಲಿ ಬೇಕೇ ಬೇಕು. ನೀಲಿ ಕ್ಲಿಪ್ ಎಲ್ಲ ಕಿತ್ತೆ, ವೈರ್ ಬೆಸುಗೆ ಹಾಕಿ ಹೀಟ್ ಶ್ರಿಂಕ್ ಸ್ಲೀವ್ ಏರಿಸಿದೆ, ಅರ್ತಿಗೆ ಬಣ್ಣ ಕೆರೆದು ರಿಂಗ್ ಟರ್ಮಿನಲ್. ಡಬ್ಬಿಯನ್ನು ಡಕ್ಟಿನಿಂದ ದೂರ ಕಟ್ಟಿದೆ. ಇವತ್ತು ಎರಡು ಗಂಟೆ ಓಡಿಸಿದೆ, ಗಟ್ಟಿಯಾಗಿದೆ.

ಹುಬ್ಳಿ_ಗೇರ್

ಭೇಷ್! ಈಗ ಕೆಟ್ಟ ಸುದ್ದಿ ನಾನು ಹೇಳುತ್ತೇನೆ. ನಿಮ್ಮ ಗಾಡಿ ಎಷ್ಟು ಓಡಿದೆ?

ಸ್ಕೈಲೈನ್_ಸಂಕಟ

ಓಡೋಮೀಟರ್ 1,31,000. ಯಾಕೆ ಸರ್?

ಹುಬ್ಳಿ_ಗೇರ್

1,31,000 ಏನು? ಕಿಲೋಮೀಟರಾ, ಮೈಲಿಯಾ? ಡಬ್ಬಿ ಹಾಕಿದ ದಿನದಿಂದ ಅದು ಮೈಲಿ ಎಣಿಸುತ್ತಿದೆ. ಅದಕ್ಕೂ ಮೊದಲು ಕಿಲೋಮೀಟರ್ ಎಣಿಸಿದೆ. ಒಂದೇ ಅಂಕಿಯಲ್ಲಿ ಎರಡು ಭಾಷೆ. ಜಪಾನಿನಿಂದ ಹೊರಟಾಗ ಎಷ್ಟಿತ್ತು ಅಂತ ಕಾಗದ ಇದೆಯಾ?

ಸ್ಕೈಲೈನ್_ಸಂಕಟ

ಹರಾಜಿನ ಶೀಟ್ ಇದೆ. 84,000 ಕಿಲೋಮೀಟರ್.

ಹುಬ್ಳಿ_ಗೇರ್

ಹಾಗಿದ್ದರೆ ಆಮೇಲಿನ 47,000 ಮೈಲಿ. ಅಂದರೆ 75,600 ಕಿಲೋಮೀಟರ್. ಒಟ್ಟು ಒಂದು ಲಕ್ಷ ಅರವತ್ತು ಸಾವಿರದ ಹತ್ತಿರ. ಮುಳ್ಳು ಮಲಗಿದ್ದಾಗ ಓಡಿದ್ದು ಲೆಕ್ಕಕ್ಕೇ ಬಂದಿಲ್ಲ, ಅದು ಬೇರೆ. ಈಗ ಹೇಳಿ, ಟೈಮಿಂಗ್ ಬೆಲ್ಟ್ (ಇಂಜಿನ್ ವಾಲ್ವ್ ಓಡಿಸುವ ರಬ್ಬರ್ ಬೆಲ್ಟ್, ಕಡಿದರೆ ಇಂಜಿನ್ನೇ ಹಾಳು) ಯಾವಾಗ ಹಾಕಿದ್ದು? ಈ ಇಂಜಿನ್ನಿಗೆ ಲಕ್ಷ ಕಿಲೋಮೀಟರಿಗೆ ಒಂದು ಸಲ ಬದಲಾಯಿಸಬೇಕು.

ಸ್ಕೈಲೈನ್_ಸಂಕಟ

ಬಾನೆಟ್ ಕೆಳಗೆ ಜಪಾನಿ ಸ್ಟಿಕ್ಕರ್ ಇದೆ, ಬೆಲ್ಟ್ ಬದಲಾಯಿಸಿದ್ದು 82,000ದಲ್ಲಿ. ನಾನು ಇಷ್ಟು ದಿನ 49,000 ತಾನೇ ಆಗಿದೆ, ಇನ್ನೂ ಅರ್ಧ ಆಯುಷ್ಯ ಇದೆ ಅಂದುಕೊಂಡಿದ್ದೆ. ಈಗ ಲೆಕ್ಕ ಹಾಕಿದರೆ 77,000 ದಾಟಿದೆ. ಸ್ಟಿಕ್ಕರ್ ಮೇಲೆ ವರ್ಷವೂ ಇದೆ. 2005.

ಕಡಲ_ಕಾರು

ಇಪ್ಪತ್ತು ವರ್ಷದ ರಬ್ಬರ್ ಮಾರಾಯ್ರೆ! ಕಿಲೋಮೀಟರ್ ಲೆಕ್ಕ ಬಿಡಿ, ಇನ್ನು ಸ್ಟಾರ್ಟೇ ಮಾಡಬೇಡಿ.

ಸ್ಕೈಲೈನ್_ಸಂಕಟ

ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಮೂರೂ ಆರ್ಡರ್ ಮಾಡಿದೆ. ಮುಂದಿನ ಶನಿವಾರ ಬರುತ್ತದೆ. ಅಲ್ಲಿಯವರೆಗೆ ಬಸ್ಸು. ಮೆಲ್ಬರ್ನ್ ಅಣ್ಣ, ಕ್ರ್ಯಾಂಕ್ ಪುಲ್ಲಿ ಬಿಚ್ಚಲು ಏನು ಉಪಾಯ? ಹೆಂಡತಿಯನ್ನು ಇನ್ನೊಂದು ಸಲ ಕರೆಯುವ ಧೈರ್ಯ ಇಲ್ಲ.

ಮೆಲ್ಬರ್ನ್_ಮಂಡ್ಯ

ಅದಕ್ಕೆ ಬೇರೆ ಚರ್ಚೆ ಶುರು ಮಾಡಿ ಗುರು, ಅದು ದೊಡ್ಡ ರಾಮಾಯಣ. ಆ ಹಳೇ ಸೆನ್ಸರ್ ಮಾತ್ರ ಮಾರಬೇಡಿ. ಡಬ್ಬದ ಮೇಲೆ "ಚೆನ್ನಾಗಿದೆ, 246 ಓಂ" ಅಂತ ಬರೆದು ಇಟ್ಟುಕೊಳ್ಳಿ.